ಸ್ಥಳೀಯ ಹೆಸರು: ಯಾರಿಗೂ ಗೊತ್ತಿಲ್ಲ

ಜಾವಳಿ, ಮೂಡಿಗೆರೆ ತಾಲ್ಲೂಕು
19 ಜನವರಿ 2025

ಶಾಂತವೀರಪ್ಪ ಸರ್ ಅವರಿಗೆ ಧನ್ಯಾ ಮಾಡುವ ನಮಸ್ಕಾರಗಳು.

ನೀವು ಮೂಡಿಗೆರೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ನಾನು ನಿಮ್ಮ ವಿದ್ಯಾರ್ಥಿನಿ. ಹದಿನಾರು ವರ್ಷದ ಹಿಂದಿನ ಮಾತು. ಜರಿಗಿಡ ತಾ ಎಂದರೆ ಹುರುಳಿ ಗಿಡ ತಂದಿದ್ದ ಹುಡುಗಿ ಎಂದರೆ ನೆನಪಾಗಬಹುದು. ನಿಮ್ಮ ಧಾರವಾಡದ ವಿಳಾಸವನ್ನು ಕಾಲೇಜಿನ ಗುಮಾಸ್ತ ಕಲ್ಲೇಶ್ ಕೊಟ್ಟರು. ನಿಮಗೆ ಈಗ ಕಿವಿ ಕೇಳಿಸುವುದಿಲ್ಲ, ಫೋನು ಮುಟ್ಟುವುದಿಲ್ಲ, ಕಾಗದ ಬರೆದರೆ ಮಾತ್ರ ಉತ್ತರ ಬರುತ್ತದೆ ಎಂದೂ ಹೇಳಿದರು.

ವಿಷಯ ಇಷ್ಟೆ. ನಮ್ಮ ಹಿತ್ತಲಲ್ಲಿ, ಬೀನ್ಸ್ ಸಾಲಿಗೂ ಬದನೆ ಮಡಿಗೂ ನಡುವೆ, ಯಾರೂ ಹಾಕದ ಒಂದು ಗಿಡ ಎದ್ದಿದೆ. ಮೊಣಕಾಲುದ್ದ ಇದೆ. ಎಲೆ ನನ್ನ ಅಂಗೈಯ ಎರಡರಷ್ಟು, ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಮೈದುನ ರಾಜೀವ್ ಫೋನಿನಲ್ಲಿ ಫೋಟೋ ತೆಗೆದು ಹುಡುಕಿದ. ಅದು ಮೊದಲ ದಿನ ಸೂರ್ಯಕಾಂತಿ ಅಂದಿತು, ಮರುದಿನ ಪಾಲಕ್ ಅಂದಿತು, ಮೂರನೇ ದಿನ ಹೆಸರೇ ಕೇಳದ ಯಾವುದೋ ಯುರೋಪಿನ ಗಿಡ ಅಂದಿತು. ಮಾವ ರಂಗನಾಥ ಗೌಡರು ಐವತ್ತು ವರ್ಷ ಕಾಫಿ ತೋಟದಲ್ಲಿ ಓಡಾಡಿದವರು, ಅವರಿಗೂ ಗೊತ್ತಾಗಲಿಲ್ಲ. ಕಿತ್ತು ಬಿಸಾಡೋಣ ಎಂದರೆ ಅತ್ತೆ ದ್ಯಾವಮ್ಮ ಬಿಡುವುದಿಲ್ಲ. ಹಾಕದೆ ಹುಟ್ಟಿದ್ದನ್ನು ಏನೆಂದು ತಿಳಿಯದೆ ಕೀಳಬಾರದು ಎನ್ನುವುದು ಈ ಮನೆಯಲ್ಲಿ ಮೊದಲಿನಿಂದ ಬಂದ ಪದ್ಧತಿ. ಅವರು ಎಲೆಯಡಿಕೆಗೆ ಒಂದು ಚೂರು ಹೊಗೆಸೊಪ್ಪು ಸೇರಿಸಿ ಬಾಯಿಗೆ ಹಾಕಿಕೊಂಡು, ದಿನಾ ಸಂಜೆ ಗಿಡದ ಎದುರು ಕೂತು "ಯಾರು ಮಾರಾಯ್ತಿ ನೀನು" ಎಂದು ಅದನ್ನೇ ಕೇಳುತ್ತಾರೆ.

ನೀವು ಕಲಿಸಿದ ಹಾಗೆ ಎಲೆಯನ್ನು ಹಳೇ ಪೇಪರಿನಲ್ಲಿಟ್ಟು, ಅಕ್ಕಿ ಮೂಟೆಯ ಅಡಿಯಲ್ಲಿ ಒತ್ತಿ, ಒಣಗಿಸಿ ಕಳಿಸಿದ್ದೇನೆ. ಚೀಟಿಯನ್ನೂ ತುಂಬಿದ್ದೇನೆ. ಸ್ಥಳ: ಜಾವಳಿ, ರಂಗನಾಥ ಗೌಡರ ಹಿತ್ತಲು. ಸಂಗ್ರಹಿಸಿದವರು: ಧನ್ಯಾ. ಸ್ಥಳೀಯ ಹೆಸರು: ಯಾರಿಗೂ ಗೊತ್ತಿಲ್ಲ. ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ ಅರುಣ್, ಮಗಳು ಕೃತಿಕಾ, ರಾಜೀವ್, ಕಳೆದ ವರ್ಷ ಅವನನ್ನು ಮದುವೆಯಾಗಿ ಬಂದ ಭವ್ಯಾ, ನಾನು. ಎಲ್ಲರನ್ನೂ ಕೇಳಿಯೇ ಬರೆದಿದ್ದು.

ನಿಮ್ಮ ವಿದ್ಯಾರ್ಥಿನಿ
ಧನ್ಯಾ


ಧಾರವಾಡ
30 ಜನವರಿ 2025

ಚಿ. ಧನ್ಯಾಳಿಗೆ,

ನೆನಪಿದೆ. ನೀನು ತಂದಿದ್ದು ಹುರುಳಿಯಲ್ಲ, ಅಲಸಂದೆ. ತಪ್ಪನ್ನೂ ತಪ್ಪಾಗಿ ನೆನಪಿಟ್ಟುಕೊಂಡಿದ್ದೀಯ.

ಲಕೋಟೆ ಒಡೆದ ಕೂಡಲೇ ನನಗೆ ಎರಡು ಸೀನು ಬಂದವು. ನನ್ನ ತಂಗಿ ಬಂದು ಕಿಟಕಿ ಮುಚ್ಚಿ ಹೋದಳು. ನಿವೃತ್ತನಾದ ಮೇಲಿನ ಒಂಬತ್ತು ವರ್ಷದಲ್ಲಿ ನನಗೆ ಗಿಡ ಕಳಿಸಿದವಳು ನೀನೊಬ್ಬಳೇ, ಆದ್ದರಿಂದ ಸೀನನ್ನು ಕ್ಷಮಿಸಿದ್ದೇನೆ.

ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಂಚಿಗೆ ಹಲ್ಲಿಲ್ಲ. ಎರಡೂ ಬದಿ ಸಣ್ಣ ರೋಮ, ರೋಮದ ತುದಿಯಲ್ಲಿ ಅಂಟು. ಇದು ಬದನೆಯ ಕುಟುಂಬ. ಹಳೆಯ ಪುಸ್ತಕಗಳಲ್ಲಿ ಇದನ್ನು ವಿಷದ ಕುಟುಂಬ ಎಂದು ಕರೆದವರಿದ್ದಾರೆ, ದತ್ತೂರಿ ಇದೇ ಮನೆಯದು. ಗಿಡ ಯಾವುದೆಂದು ತಿಳಿಯುವವರೆಗೆ ಮಗು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೋ. ಹಾಗೆಂದು ಹೆದರಬೇಕಿಲ್ಲ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿ ಎಲ್ಲವೂ ಇದೇ ಕುಟುಂಬದವು. ವಿಷ ಎಂದು ದೂರ ಇಡುವುದಾದರೆ ನಿಮ್ಮ ಮನೆಯ ಸಾಂಬಾರನ್ನೂ ಇಡಬೇಕಾಗುತ್ತದೆ.

ಬಾಬಾಬುಡನ್‌ಗಿರಿಯ ಇಳಿಜಾರಿನಲ್ಲಿ ಹೆಚ್ಚುಕಡಿಮೆ ಇಂಥದೇ ಎಲೆಯ ಒಂದು ಕಾಡುಗಿಡವಿದೆ. ಆದ್ದರಿಂದ ಹೂ ಬರುವವರೆಗೆ ಕಾಯಬೇಕು. ಹೂ ನೋಡದೆ ಹೆಸರು ಹೇಳುವುದು ಜ್ಯೋತಿಷಿಯ ಕೆಲಸ. ಅಲ್ಲಿಯವರೆಗೆ ಗಿಡದ ಎತ್ತರ, ಎಲೆಯ ಉದ್ದ ಅಳೆದು ಆಗಾಗ ಬರೆಯುತ್ತಿರು.

ಚೀಟಿಗೆ ಹತ್ತರಲ್ಲಿ ನಾಲ್ಕು ಅಂಕ. "ಯಾರಿಗೂ ಗೊತ್ತಿಲ್ಲ" ಎನ್ನುವುದು ಹೆಸರಲ್ಲ. ತರಗತಿಯಲ್ಲಿ ಹೇಳಿದ್ದೆ: ಮೊದಲು ಆ ಮಡಿಗೆ ನೀರು ಹಾಕುವವರನ್ನು ಕೇಳಬೇಕು, ಆಮೇಲೆ ಊರಿನ ಹಿರಿಯರನ್ನು, ಕೊನೆಗೆ ಮೇಷ್ಟ್ರನ್ನು. ನೀನು ಕೊನೆಯಿಂದ ಶುರುಮಾಡಿದ ಹಾಗಿದೆ.

ಶಾಂತವೀರಪ್ಪ


ಜಾವಳಿ
16 ಫೆಬ್ರವರಿ 2025

ಸರ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಹತ್ತು ದಿನವಾಯಿತು. ರೊಬಸ್ಟಾ ಕೊಯ್ಲು ನಡೆದಿದೆ, ಜೊತೆಗೆ ಅತ್ತೆಗೆ ಹುಷಾರಿಲ್ಲ, ಅದಕ್ಕೇ ತಡ. ಒಂಬತ್ತನೇ ತಾರೀಕು ಊಟವಾದ ಸ್ವಲ್ಪ ಹೊತ್ತಿಗೆ ಅತ್ತೆಗೆ ಹೊಟ್ಟೆನೋವು ಬಂತು, ವಾಂತಿಯಾಯಿತು. ಈಗ ಗಂಜಿ ಕುಡಿಯುತ್ತಾರೆ. ನೋಡಲು ಜನ ಬರುತ್ತಿದ್ದಾರೆ. ಬಂದವರಿಗೆ ಕಾಫಿ ಮಾಡುವುದರಲ್ಲೇ ದಿನ ಹೋಗುತ್ತದೆ.

ಗಿಡದ ಎತ್ತರ ಎರಡೂಮುಕ್ಕಾಲು ಅಡಿ. ದೊಡ್ಡ ಎಲೆಯ ಉದ್ದ ಹದಿನೈದು ಅಂಗುಲ. ಬದನೆಗೆ ಹುಳ ಬಿದ್ದಿದೆ, ಪಕ್ಕದಲ್ಲೇ ಇರುವ ಇದಕ್ಕೆ ಬಿದ್ದಿಲ್ಲ. ಕೃತಿಕಾಳನ್ನು ಹಿತ್ತಲಿಗೆ ಬಿಡುತ್ತಿಲ್ಲ.

ನಿಮ್ಮ ಕಾಗದವನ್ನು ಮನೆಯವರ ಎದುರು ಓದಿದೆ. ಎಲ್ಲರೂ ಕೇಳಿದರು.

ಒಂದು ಪ್ರಶ್ನೆ ಇದೆ. ಇಂಥ ಗಿಡದ ರಸವನ್ನು ಊಟದಲ್ಲಿ ಸೇರಿಸಿದರೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ? ಸ್ವಲ್ಪ ಸ್ವಲ್ಪವೇ ಹಾಕುತ್ತಾ ಬಂದರೆ ತಿಂದವರಿಗೆ ತಿಳಿಯುತ್ತದಾ? ಸುಮ್ಮನೆ ಕೇಳುತ್ತಿದ್ದೇನೆ.

ಧನ್ಯಾ


ಧಾರವಾಡ
27 ಫೆಬ್ರವರಿ 2025

ಚಿ. ಧನ್ಯಾಳಿಗೆ,

ಕಾಲೇಜಿನಲ್ಲಿ ಮೂರು ವರ್ಷ ಒಂದು ಪ್ರಶ್ನೆ ಕೇಳದವಳು ಈಗ ಪೊಲೀಸ್ ಇನ್‌ಸ್ಪೆಕ್ಟರ್ ಹಾಗೆ ಕೇಳುತ್ತಿದ್ದೀಯ. ಸಂತೋಷ. ತಡವಾಗಿ ಬಂದ ಕುತೂಹಲವೂ ಕುತೂಹಲವೇ.

ಗಿಡ ಯಾವುದೆಂದು ಹೇಳದೆ ಪ್ರಮಾಣ ಹೇಳಲಾಗದು. ಆದರೆ ಎಲೆಯ ಒಂದು ಚೂರನ್ನು ನಾಲಿಗೆಯ ತುದಿಗೆ ತಾಗಿಸಿ ಉಗುಳಿದೆ. ಹಾಗೆ ಮಾಡಬಾರದೆಂದು ನಲವತ್ತು ವರ್ಷ ಮಕ್ಕಳಿಗೆ ಹೇಳಿದವನು ನಾನೇ, ನೀನು ಮಾಡಬೇಡ. ಬಾಯೆಲ್ಲ ಉರಿದು ಕಹಿಯಾಯಿತು. ಕೆಡುಕು ಮಾಡುವಷ್ಟು ರಸವನ್ನು ಸಾರಿಗೆ ಹಾಕಿದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಎರಡನೇ ತುತ್ತು ಯಾರೂ ನುಂಗಲಾರರು. ಇದನ್ನು ಕದ್ದು ತಿನ್ನಿಸುವುದು ಆಗದ ಮಾತು. ಎಮ್ಮೆ ಕೂಡ ಮೂಸಿ ಬಿಡುತ್ತದೆ.

ನಿಮ್ಮ ಅತ್ತೆಯವರನ್ನು ಮೂಡಿಗೆರೆಯಲ್ಲೋ ಹಾಸನದಲ್ಲೋ ಯಾರಾದರೂ ಒಳ್ಳೆಯ ಡಾಕ್ಟರಿಗೆ ತೋರಿಸಿ. ವಯಸ್ಸಾದವರ ಹೊಟ್ಟೆನೋವನ್ನು ಗಂಜಿಯಲ್ಲಿ ಕಳೆಯಬಾರದು.

ಹುಳ ಬಿದ್ದಿಲ್ಲ ಎಂದು ಬರೆದಿದ್ದಕ್ಕೆ ನಾಲ್ಕು ಹೋಗಿ ಆರು ಅಂಕ. ಆ ಮಡಿಗೆ ನೀರು ಹಾಕುವವರು ಯಾರು? ಅದನ್ನು ಇನ್ನೂ ಬರೆದಿಲ್ಲ. ಹೂವಿಗಾಗಿ ಕಾಯುತ್ತಿದ್ದೇನೆ. ಅಂಚೆಯವನ ಹೆಸರು ರಫೀಕ್ ಎಂದು ನಿನ್ನ ಕಾಗದ ಬರಲು ಶುರುವಾದ ಮೇಲೆ ತಿಳಿದುಕೊಂಡೆ.

ಶಾಂತವೀರಪ್ಪ


ಜಾವಳಿ
24 ಮಾರ್ಚ್ 2025

ಸರ್ ಅವರಿಗೆ ನಮಸ್ಕಾರ.

ಹೂ ಬಂದಿದೆ. ಐದು ಹೂ ಇರುವ ಒಂದು ತುದಿಯನ್ನು ಒತ್ತಿ ಕಳಿಸಿದ್ದೇನೆ. ಉದ್ದ ಕೊಳವೆಯ ಹಾಗಿದೆ, ಬುಡ ಬಿಳಿ, ಬಾಯಿ ತಿಳಿ ಗುಲಾಬಿ. ಬಿಳಿ ಪೇಪರಿನ ನಡುವೆ ಇಟ್ಟಿದ್ದೇನೆ. ಈ ಸಲ ಮೂಟೆಯಡಿ ಒತ್ತದೆ ಗ್ರೈಂಡರ್ ಕಲ್ಲಿನ ಅಡಿ ಒತ್ತಿದೆ.

ಕಾಫಿಗೆ ಹೂಮಳೆ ಸರಿಯಾಗಿ ಬಂತು. ಗಿಡ ನನಗಿಂತ ಎತ್ತರವಾಗಿದೆ.

ಆ ಮಡಿಗೆ ನೀರು ಹಾಕುವವರು ಯಾರೆಂದು ಕೇಳಿದ್ದೀರಿ. ಈಗ ನಾನು ಹಾಕುತ್ತಿದ್ದೇನೆ. ಮೊದಲು ಭವ್ಯಾ ಹಾಕುತ್ತಿದ್ದಳು. ಅವಳು ಫೆಬ್ರವರಿ ಹನ್ನೆರಡರಿಂದ ತವರಿನಲ್ಲಿದ್ದಾಳೆ. ಅವಳ ತವರು ಪಿರಿಯಾಪಟ್ಟಣದ ಹತ್ತಿರ ಒಂದು ಹಳ್ಳಿ. ಮೊದಲ ದೀಪಾವಳಿಗೆ ಅಲ್ಲಿಗೆ ಹೋಗಿದ್ದವಳು ಬರುವಾಗ ಒಂದು ಮಲ್ಲಿಗೆ ಕಡ್ಡಿಯನ್ನು ಅಲ್ಲಿಯ ಮಣ್ಣಿನ ಸಮೇತ ತಂದು ಅದೇ ಜಾಗದಲ್ಲಿ ನೆಟ್ಟಿದ್ದಳು. ಕಡ್ಡಿ ಒಣಗಿತು, ಅಲ್ಲಿಂದಲೇ ಇದು ಎದ್ದಿತು. ಇದನ್ನು ಮೊದಲೇ ಬರೆಯಬೇಕಿತ್ತೇನೋ.

ಅತ್ತೆಗೆ ನೋವು ಬಂದು ಹೋಗಿ ಮಾಡುತ್ತಿದೆ. ಕಳಸದ ಕಡೆ ಮದ್ದು ತೆಗೆಯುವವರೊಬ್ಬರ ಹತ್ತಿರ ಕರೆದುಕೊಂಡು ಹೋಗಿದ್ದರು. ಅವರು ಏನೋ ಕುಡಿಸಿ ವಾಂತಿ ಮಾಡಿಸಿ, ಅದರಲ್ಲಿ ಒಂದು ಕಪ್ಪು ಚೂರು ತೋರಿಸಿದರಂತೆ. ಮೂರು ದಿನ ನೋವಿರಲಿಲ್ಲ. ಮತ್ತೆ ಬಂತು.

ಧನ್ಯಾ


ಧಾರವಾಡ
2 ಏಪ್ರಿಲ್ 2025
(ಸ್ಪೀಡ್ ಪೋಸ್ಟ್)

ಧನ್ಯಾ,

ಅದು ಹೊಗೆಸೊಪ್ಪು. ನಿಮ್ಮ ಅತ್ತೆಯವರು ದಿನಾ ಎಲೆಯಡಿಕೆಗೆ ಸೇರಿಸಿಕೊಳ್ಳುವ ಅದೇ ಹೊಗೆಸೊಪ್ಪು. ಪಿರಿಯಾಪಟ್ಟಣದ ಸುತ್ತ ಎಲ್ಲರ ಹೊಲದಲ್ಲೂ ಅದನ್ನೇ ಬೆಳೆಯುತ್ತಾರೆ. ಬೀಜ ಧೂಳಿನಷ್ಟು ಸಣ್ಣದು. ಒಂದು ಹಿಡಿ ಮಣ್ಣಿನಲ್ಲಿ ಹತ್ತಾರು ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಮಲ್ಲಿಗೆಯ ಜೊತೆ ಬಂದಿದೆ, ಅಷ್ಟೆ.

ಹತ್ತೊಂಬತ್ತು ವರ್ಷ ನಾನು ಮೂಡಿಗೆರೆಯಲ್ಲಿದ್ದೆ. ನಿಮ್ಮ ಕಡೆ ಮದ್ದು ತೆಗೆಸಿದರು ಎಂದರೆ ಊಟದಲ್ಲಿ ಕದ್ದು ಮದ್ದು ಹಾಕಿದವರು ಇಂಥವರು ಎಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿದೆ ಎಂದರ್ಥ. ಫೆಬ್ರವರಿ ಒಂಬತ್ತಕ್ಕೆ ಹೊಟ್ಟೆನೋವು. ಹನ್ನೆರಡಕ್ಕೆ ಆ ಹುಡುಗಿ ತವರಿಗೆ. ಹದಿನಾರಕ್ಕೆ ನೀನು ನನಗೆ ಬರೆದದ್ದು "ಸುಮ್ಮನೆ ಕೇಳುತ್ತಿದ್ದೇನೆ" ಎಂದು. ನಾನು ಅದಕ್ಕೆ ಇನ್‌ಸ್ಪೆಕ್ಟರ್ ಎಂದು ತಮಾಷೆ ಮಾಡಿದೆ. ಈಗ ನಾಚಿಕೆಯಾಗುತ್ತಿದೆ.

ನಾನು ಬರೆದ ಕಾಗದಗಳ ಪ್ರತಿ ಇಟ್ಟುಕೊಳ್ಳುತ್ತೇನೆ. ಜನವರಿ ಮೂವತ್ತರ ಕಾಗದದಲ್ಲಿ ವಿಷದ ಕುಟುಂಬ ಎಂದಿದೆ, ಅದರ ಬೆನ್ನಿಗೇ ಸಾಂಬಾರಿನ ಮಾತೂ ಇದೆ. ಫೆಬ್ರವರಿ ಇಪ್ಪತ್ತೇಳರ ಕಾಗದದಲ್ಲಿ ಇದನ್ನು ಕದ್ದು ತಿನ್ನಿಸಲಾಗದು ಎಂದಿದೆ. ಎರಡನ್ನೂ ಕೇಳಿದ ಮೇಲೂ ನಿಮ್ಮವರು ಅವಳನ್ನು ಅಲ್ಲೇ ಬಿಟ್ಟಿದ್ದಾರಾ? ಅಥವಾ ಅವರು ಕೇಳಿದ್ದೆಷ್ಟು?

ಇನ್ನೊಂದು ಮಾತು, ಇದನ್ನು ನಾನು ಬರೆಯಲೇಬೇಕು. ಗಿಡ ಯಾವುದೆಂದು ನನಗೆ ಮೊದಲ ಲಕೋಟೆ ಒಡೆದ ದಿನವೇ ಗೊತ್ತಿತ್ತು. ನಾನು ನಲವತ್ತು ವರ್ಷ ಹೊಗೆಸೊಪ್ಪಿನ ನಸ್ಯ ಏರಿಸಿದವನು. ಆ ಎರಡು ಸೀನು ಸುಮ್ಮನೆ ಬಂದದ್ದಲ್ಲ. ಗಿರಿಯ ಕಾಡುಗಿಡ ಇರುವುದು ನಿಜ, ಆದರೆ ಅದನ್ನು ಹೇಳಿದ್ದು ನೆಪಕ್ಕೆ. ಹೆಸರು ಹೇಳಿಬಿಟ್ಟರೆ ನಿನ್ನ ಕಾಗದ ಅಲ್ಲಿಗೇ ನಿಲ್ಲುತ್ತದೆ ಎಂದು ಹೂವಿನ ತನಕ ಎಳೆದೆ. ಒಂದು ಎಲೆಯ ವಿಷಯಕ್ಕೆ ಯಾರ ಗಂಟೂ ಹೋಗುವುದಿಲ್ಲ ಅಂದುಕೊಂಡಿದ್ದೆ.

ಹೊಗೆಸೊಪ್ಪಿನ ಊರಿನ ಮಕ್ಕಳು ಅಕ್ಷರಕ್ಕಿಂತ ಮೊದಲು ಈ ಗಿಡ ಗುರುತಿಸುತ್ತಾರೆ. ಮನೆಯವರನ್ನೆಲ್ಲ ಕೇಳಿದೆ ಎಂದು ನೀನು ಬರೆದಿದ್ದೆ. ಭವ್ಯಾಳನ್ನು ಕೇಳಿದೆಯಾ?

ಶಾಂತವೀರಪ್ಪ


ಜಾವಳಿ
12 ಏಪ್ರಿಲ್ 2025

ಸರ್,

ಕೇಳಲಿಲ್ಲ.

ನೀವು ಹೇಳಿದಂತೆ ಅತ್ತೆಯನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದಲ್ಲಿ ಕಲ್ಲುಗಳಿವೆ, ವರ್ಷಗಳಿಂದ ಇದ್ದಿರಬೇಕು ಎಂದರು. ಮುಂದಿನ ತಿಂಗಳು ಆಪರೇಷನ್. ಬರುವಾಗ ಜೀಪಿನಲ್ಲಿ ಯಾರೂ ಭವ್ಯಾಳ ಹೆಸರೆತ್ತಲಿಲ್ಲ.

ಆ ದಿನ ನಡೆದದ್ದನ್ನು ಬರೆಯುತ್ತೇನೆ. ಫೆಬ್ರವರಿ ಹನ್ನೊಂದು, ಮಧ್ಯಾಹ್ನ. ಅತ್ತೆಯನ್ನು ನೋಡಲು ಬಂದವರು ಜಗಲಿಯಲ್ಲಿದ್ದರು, ಮನೆಯವರೂ ಸೇರಿ ಹನ್ನೊಂದು ಜನ. ಬಂದವರಲ್ಲಿ ಒಬ್ಬರು "ಆ ಬಯಲುಸೀಮೆ ಹುಡುಗಿ ಮಾಡಿದ ಅಡುಗೆ ಅಲ್ವಾ ಅವತ್ತು" ಎಂದರು. ಇನ್ನೊಬ್ಬರು ಹಿತ್ತಲಿನ ಗಿಡದ ಮಾತೆತ್ತಿದರು. ಮಾವ ನನ್ನನ್ನು ಕರೆದು "ಮೇಷ್ಟ್ರು ಏನ್ ಬರ್ದಿದಾರೆ, ತಗೊಂಡ್ ಬಾ ಓದು" ಎಂದರು. ನಾನು ನಿಂತುಕೊಂಡು ಓದಿದೆ. ಇದು ವಿಷದ ಕುಟುಂಬ, ದತ್ತೂರಿ ಇದೇ ಮನೆಯದು, ಮಗು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೋ. ಅಲ್ಲಿಗೆ ನಿಲ್ಲಿಸಿ ಕಾಗದ ಮಡಚಿದೆ. ಸಾಂಬಾರಿನ ಸಾಲು ನನ್ನ ಕಣ್ಣೆದುರೇ ಇತ್ತು.

ಮಾವ ಬಾಗಿಲಲ್ಲಿ ನಿಂತಿದ್ದ ಭವ್ಯಾಳನ್ನು ಕೇಳಿದರು: "ಗಿಡ ನೀನು ತಂದಿದ್ದಾ?" ಅವಳು "ಹೂಂ ಮಾವ, ನಮ್ಮೂರ ಮಣ್ಣಲ್ಲಿ ಬಂದಿರೋದು, ಅದು..." ಎಂದಳು. ಮಾವ ಕೈ ಎತ್ತಿ "ಸಾಕು" ಎಂದರು. ಅವಳು ಮುಂದೆ ಏನು ಹೇಳುವುದರಲ್ಲಿದ್ದಳು ಎಂದು ಯಾರೂ ಕೇಳಲಿಲ್ಲ. ಮರುದಿನ ರಾಜೀವನೇ ಅವಳನ್ನು ಮೂಡಿಗೆರೆಯಲ್ಲಿ ಬಸ್ಸು ಹತ್ತಿಸಿ ಬಂದ.

ಯಾಕೆ ನಿಲ್ಲಿಸಿದೆ ಎಂದು ನೀವು ಕೇಳುತ್ತೀರಿ. ಈ ಮನೆಯಲ್ಲಿ ತರಕಾರಿ ಬೀಜವನ್ನು ಬೂದಿಯಲ್ಲಿ ಬೆರೆಸಿ ಒಂದು ಒಣ ಸೋರೆಬುರುಡೆಯಲ್ಲಿ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಅತ್ತೆಯ ಅತ್ತೆಯಿಂದ ಬಂದದ್ದು. ಅದನ್ನು ಯಾರ ಕೈಗೆ ಕೊಡುತ್ತಾರೋ ಹಿತ್ತಲು ಅವರದು. ನಾನು ಹನ್ನೊಂದು ವರ್ಷ ಈ ಹಿತ್ತಲಲ್ಲಿ ಬಗ್ಗಿದ್ದೇನೆ. ದೀಪಾವಳಿ ಕಳೆದ ಮೇಲೆ ಅತ್ತೆ ಬುರುಡೆಯನ್ನು ಇಳಿಸಿ ಭವ್ಯಾಳ ಕೈಗೆ ಕೊಟ್ಟರು. "ಅವಳ ಕೈಗುಣ ಚೆನ್ನಾಗಿದೆ" ಎಂದರು, ಅಷ್ಟೆ. ನನಗೆ ಹೊಟ್ಟೆಕಿಚ್ಚಾಯಿತು ಸರ್. ಬೇರೆ ಹೆಸರು ಇಡುವುದಿಲ್ಲ. ಗಿಡ ಎದ್ದಾಗ ಮನೆಯವರನ್ನೆಲ್ಲ ಕೇಳಿದೆ, ಅವಳೊಬ್ಬಳನ್ನು ಬಿಟ್ಟು. ಅವಳಿಗೆ ಗೊತ್ತಿದ್ದರೆ ಅದೂ ಅವಳ ಕೈಗುಣವೇ ಆಗುತ್ತಿತ್ತು.

ಅವಳು ಹೋದ ಮೇಲೆ ಅತ್ತೆ ಬುರುಡೆಯನ್ನು ನನಗೆ ಕೊಟ್ಟರು. ಅದರಿಂದ ಒಂದು ಬೀಜವನ್ನೂ ನಾನು ಇನ್ನೂ ಹಾಕಿಲ್ಲ. ಅವಳು ವಿಷ ಹಾಕಿದಳು ಎಂದು ನಾನು ನಂಬಿದ್ದೆನಾ? ಅರ್ಧ ನಂಬಿದ್ದೆ. ಅದಕ್ಕೇ ಹದಿನಾರರಂದು ಆ ಪ್ರಶ್ನೆ ಕೇಳಿದ್ದು. ನಿಮ್ಮ ಉತ್ತರ ಬಂದ ಮೇಲೆ ನಂಬಲು ಏನೂ ಉಳಿಯಲಿಲ್ಲ. ಆ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಏಪ್ರಿಲ್ ಎರಡರದ್ದೂ ಅದರ ಜೊತೆಗೇ ಅಕ್ಕಿ ಡಬ್ಬಿಯಲ್ಲಿದೆ. ಈಗ ಏನು ಮಾಡಲಿ?

ಧನ್ಯಾ


ಧಾರವಾಡ
19 ಏಪ್ರಿಲ್ 2025

ಧನ್ಯಾ,

ಏನು ಮಾಡಬೇಕೆಂದು ನಿನಗೆ ಗೊತ್ತಿದೆ. ಗೊತ್ತಿಲ್ಲದಿದ್ದರೆ ನನಗೆ ಬರೆಯುತ್ತಿರಲಿಲ್ಲ.

ನನಗೆ ತಿಳಿದಿರುವುದು ಸಸ್ಯ ಸಂಗ್ರಹದ ಒಂದು ನಿಯಮ, ಅದನ್ನು ಹೇಳುತ್ತೇನೆ. ಒಣಗಿಸಿದ ಗಿಡದ ಹಾಳೆಯ ಮೇಲೆ ಯಾರಾದರೂ ತಪ್ಪು ಹೆಸರಿನ ಚೀಟಿ ಅಂಟಿಸಿದ್ದರೆ ಅದನ್ನು ಕೀಳುವುದಿಲ್ಲ, ಮೇಲೆ ಗೀಚುವುದಿಲ್ಲ. ಅದು ಹಾಗೇ ಇರಬೇಕು. ಪಕ್ಕದಲ್ಲಿ ಸರಿಯಾದ ಹೆಸರಿನ ಇನ್ನೊಂದು ಚೀಟಿ ಅಂಟಿಸಿ, ಸರಿಮಾಡಿದವರ ಹೆಸರು, ದಿನಾಂಕ ಬರೆಯಬೇಕು. ಮುಂದೆ ನೋಡುವವರಿಗೆ ಎರಡೂ ಕಾಣಬೇಕು.

ಕಾಗದಗಳನ್ನು ಪೂರ್ತಿ ಓದು. ನಾನು ಗೊತ್ತಿದ್ದೂ ಸುಮ್ಮನಿದ್ದೆ ಎಂದು ಬರೆದಿರುವ ಭಾಗವನ್ನು ನನ್ನ ಮರ್ಯಾದೆ ಉಳಿಸಲು ಬಿಡಬೇಡ. ನೀನು ಕಳಿಸಿದ ಎಲೆ, ಹೂ, ಹಳೇ ಚೀಟಿ ಮೂರನ್ನೂ ಒಂದು ಹಾಳೆಗೆ ಅಂಟಿಸಿ ಇದರ ಜೊತೆ ವಾಪಸು ಕಳಿಸಿದ್ದೇನೆ.

ಶಾಂತವೀರಪ್ಪ


ಜಾವಳಿ
21 ಮೇ 2025

ಸರ್ ಅವರಿಗೆ ನಮಸ್ಕಾರ.

ನಿಮ್ಮ ಹಾಳೆ ಬಂದ ದಿನ ಸಂಜೆಯೇ ಮನೆಯವರನ್ನೆಲ್ಲ ಜಗಲಿಯಲ್ಲಿ ಕೂರಿಸಿ ಓದಿದೆ. ಜನವರಿಯದು ಪೂರ್ತಿ, ಫೆಬ್ರವರಿಯದು ಪೂರ್ತಿ, ಏಪ್ರಿಲ್ ಎರಡರದು ಪೂರ್ತಿ. ಸಾಂಬಾರಿನ ಮಾತು ಬಂದಾಗ ಅರುಣ್ ನನ್ನ ಮುಖ ನೋಡಿದರು, ಆಮೇಲೆ ಎರಡು ದಿನ ನೋಡಲಿಲ್ಲ. ಮಾವ ಎದ್ದು ತೋಟಕ್ಕೆ ಹೋದರು. ರಾಜೀವ್ ಕಾಗದವನ್ನು ಕೈಯಿಂದ ಇಸಿದುಕೊಂಡು ತಾನೇ ಇನ್ನೊಮ್ಮೆ ಓದಿಕೊಂಡ.

ಅತ್ತೆ ಎಲೆಯಡಿಕೆ ಸಂಚಿ ಬಿಚ್ಚಿ ಒಂದು ಚೂರು ಹೊಗೆಸೊಪ್ಪು ತೆಗೆದುಕೊಂಡು ಹಿತ್ತಲಿಗೆ ನಡೆದರು. ಗಿಡದ ಬುಡದಲ್ಲಿ ಒಣಗಿದ್ದ ಎಲೆಯನ್ನು ಮುರಿದು ಎರಡನ್ನೂ ಮೂಸಿ ನೋಡಿದರು. "ಐವತ್ತು ವರ್ಷದಿಂದ ಬಾಯಲ್ಲಿ ಇಟ್ಕೊಂಡಿದೀನಿ, ಎದುರಿಗೆ ಬಂದು ನಿಂತ್ರೆ ಗುರ್ತು ಸಿಗ್ಲಿಲ್ಲ ನೋಡು" ಎಂದರು. ಆಮೇಲೆ ನನಗೆ, "ಬುರುಡೆ ತಗೊಂಡು ನೀನೇ ಹೋಗು" ಎಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೇ ನಾಲ್ಕರಂದು ನಾನೂ ರಾಜೀವನೂ ಬಸ್ಸಿನಲ್ಲಿ ಹೋದೆವು. ಭವ್ಯಾ ಹೊಲದಲ್ಲಿ ಹೊಗೆಸೊಪ್ಪಿನ ಸಸಿ ನೆಡುತ್ತಿದ್ದಳು. ನಮ್ಮನ್ನು ನೋಡಿ ಇದ್ದ ಸಾಲು ಮುಗಿಸಿಯೇ ಎದ್ದು ಬಂದಳು. ಕೈ ತೊಳೆದು ಕಾಫಿ ಕೊಟ್ಟಳು. ನಾನು ಬಂದ ಕಾರಣ ಹೇಳಿದೆ. ಅರ್ಧ ಓದಿದ್ದು ನಾನೇ ಎಂದೂ ಹೇಳಿದೆ. ಅವಳು ಕೇಳಿದಳು.

"ಅಲ್ಲಿ ಎಷ್ಟ್ ಜನದ ಮುಂದೆ ಓದುದ್ರಿ ಅಕ್ಕ?"

"ಹನ್ನೊಂದು."

"ಇಲ್ಲೂ ಹನ್ನೊಂದ್ ಜನ ಆಗ್ಲಿ."

ಅವಳ ತಂದೆ ಭೂತಯ್ಯ, ತಾಯಿ, ಅಣ್ಣ, ಅತ್ತಿಗೆ ಇದ್ದರು. ಅಕ್ಕಪಕ್ಕದ ಮನೆಯವರನ್ನು ಕರೆದಳು. ಹತ್ತಕ್ಕೆ ನಿಂತಿತು. ರಾಜೀವನ ಕಡೆ ಕೈ ತೋರಿಸಿ "ಇವ್ರೂ ಸೇರಿ" ಎಂದಳು. ಅವನು ಬಾಗಿಲ ಹತ್ತಿರ ನಿಂತಿದ್ದವನು ಬಂದು ಅವರ ಸಾಲಿನಲ್ಲಿ ಕೂತ. ನಾನು ನಿಂತುಕೊಂಡು ಓದಿದೆ. ಮೊದಲು ಅವತ್ತು ಓದಿದಷ್ಟನ್ನೇ ಓದಿ, ನಿಲ್ಲಿಸಿದ ಜಾಗವನ್ನು ಬೆರಳಿಟ್ಟು ಹೇಳಿ, ಆಮೇಲೆ ಉಳಿದದ್ದನ್ನು ಓದಿದೆ. ನಿಮ್ಮ ನಸ್ಯದ ಮಾತಿಗೆ ಬಂದಾಗ ಭೂತಯ್ಯನವರು "ಮೇಷ್ಟ್ರಿಗೂ ಗೊತ್ತಿತ್ತಾ ಅಂಗಾದ್ರೆ" ಎಂದು ಕೇಳಿ, ಮೇಲುಹೊದಿಕೆ ಕೊಡವಿಕೊಂಡರು.

ಮುಗಿದ ಮೇಲೆ ಭವ್ಯಾ ಹೇಳಿದ್ದಿಷ್ಟು. "ಎರಡೆಲೆ ಇದ್ದಾಗ್ಲೇ ಗೊತ್ತಾಯ್ತು ನಂಗೆ. ಅತ್ತೆ ದಿನಾ ಅದ್ರ ಮುಂದೆ ಕೂತ್ಕೊಂಡು ಯಾರು ನೀನು ಅಂತಿದ್ರಲ್ಲ, ನಗು ಬರೋದು. ದೊಡ್ಡದಾದ್ಮೇಲೆ ಒಂದು ಎಲೆ ಹದವಾಗಿ ಒಣಗ್ಸಿ ಅವರ ಸಂಚೀಲಿ ಇಡಾಣ, ತಿಂದ್ಮೇಲೆ ಹೇಳಾಣ ಅಂತ ಇದ್ದೆ." ಆಮೇಲೆ ಎಂದಳು, "ಮದ್ದು ಹಾಕಿದಳು ಅಂತ ನಂಬಿದ್ ಮೇಲೆ ಗಿಡದ ಹೆಸ್ರು ಹೇಳಿ ಏನ್ ಆಗ್ಬೇಕಿತ್ತು?" ಇದನ್ನು ರಾಜೀವನನ್ನು ನೋಡಿ ಹೇಳಿದಳು.

ನಾನು ಬುರುಡೆಯನ್ನು ಅವಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ. "ವಾಪಸ್ ತಗೊಂಡ್ ಹೋಗಿ ಅಕ್ಕ. ಬರೋದಾದ್ರೆ ನಾನೇ ಬತ್ತೀನಿ. ಅಲ್ಲೇ ಇಸ್ಕೊತೀನಿ, ಅತ್ತೆ ಕೈಯಿಂದ." ಕರೆದುಕೊಂಡು ಹೋಗಲು ರಾಜೀವ್ ಜೀಪು ತರುತ್ತೇನೆ ಎಂದದ್ದಕ್ಕೆ ಬೇಡ ಎಂದಳು. ನಾವಿಬ್ಬರೂ ಬುರುಡೆಯ ಜೊತೆ ಹಿಂದಿರುಗಿದೆವು. ಹಾಸನದವರೆಗೆ ಅದು ನನ್ನ ಮಡಿಲಲ್ಲಿತ್ತು, ಆಮೇಲೆ ಅವನು ಇಸಿದುಕೊಂಡ.

ಎರಡು ವಾರ ಅವಳಿಂದ ಸುದ್ದಿ ಇರಲಿಲ್ಲ. ನಾನು ದಿನಾ ಗಿಡಕ್ಕೆ ನೀರು ಹಾಕಿದೆ. ಅತ್ತೆಯ ಆಪರೇಷನ್ ಹದಿನೈದರಂದು ಆಯಿತು, ಮನೆಗೆ ಬಂದರು. ಹದಿನೆಂಟನೇ ತಾರೀಕು ಮಧ್ಯಾಹ್ನದ ಬಸ್ಸಿನಲ್ಲಿ ಭವ್ಯಾ ಒಬ್ಬಳೇ ಬಂದಳು. ಕೈಯಲ್ಲಿ ಇನ್ನೊಂದು ಮಲ್ಲಿಗೆ ಕಡ್ಡಿ ಇತ್ತು. ಮಾವ ಜಗಲಿಯಲ್ಲಿದ್ದರು. "ಬಾರಮ್ಮ" ಎಂದು, ಅಷ್ಟಕ್ಕೇ ನಿಲ್ಲಿಸದೆ, "ಅವತ್ತು ನಿನ್ನ ಮಾತು ಪೂರ್ತಿ ಕೇಳ್ಬೇಕಿತ್ತು" ಎಂದರು. ನಾನು ಈ ಮನೆಗೆ ಬಂದ ಮೇಲೆ ಅವರು ಯಾರಿಗೂ ಹಾಗೆ ಹೇಳಿದ್ದು ಕೇಳಿಲ್ಲ. ಅತ್ತೆ ಮಂಚದಿಂದಲೇ ಬುರುಡೆ ತರಿಸಿ ಅವಳ ಕೈಗೆ ಕೊಟ್ಟರು. ಅವಳು ಹಿತ್ತಲಿಗೆ ಹೋಗಿ ಗಿಡದ ತುದಿಯ ಹೂಗಳನ್ನೆಲ್ಲ ಪಟಪಟ ಮುರಿದು ಹಾಕಿದಳು. ಹೂ ಬಿಟ್ಟರೆ ಎಲೆ ದಪ್ಪವಾಗುವುದಿಲ್ಲವಂತೆ. ನೀವು ಹೂವಿಗಾಗಿ ಎರಡು ತಿಂಗಳು ಕಾದಿರಿ ಎಂದು ಹೇಳಿದೆ. "ಮೇಷ್ಟ್ರಿಗೆ ಬೇಸಾಯ ಗೊತ್ತಿಲ್ಲ" ಎಂದಳು.

ನನ್ನ ಜೊತೆ ಅವಳು ಮಾತಾಡುತ್ತಾಳೆ. ಉಪ್ಪು ಎಲ್ಲಿದೆ, ಹಾಲು ಕಾಯಿಸಲಾ, ಅಷ್ಟು. ಅದಕ್ಕಿಂತ ಹೆಚ್ಚನ್ನು ಕೇಳುವ ಧೈರ್ಯ ನನಗಿಲ್ಲ.

ನಿಮ್ಮ ಹಾಳೆಯನ್ನು ನಿನ್ನೆ ಅವಳಿಗೆ ತೋರಿಸಿ ನಿಯಮ ಹೇಳಿದೆ. ನನ್ನ ಚೀಟಿಯನ್ನು ಕಿತ್ತಿಲ್ಲ, ಅದು ಹಾಗೇ ಇದೆ. ಪಕ್ಕದಲ್ಲಿ ಹೊಸದನ್ನು ಅಂಟಿಸಿದ್ದೇವೆ. ಬರೆದವಳು ಭವ್ಯಾ. ಸ್ಥಳೀಯ ಹೆಸರು: ಹೊಗೆಸೊಪ್ಪು. ಹೇಳಿದವರು: ಭವ್ಯಾ. ಸ್ಥಳ: ಜಾವಳಿ, ನಮ್ಮ ಹಿತ್ತಲು. ದಿನಾಂಕ: 20 ಮೇ 2025.

ಕೆಳಗೆ ಅವಳೇ ಒಂದು ಸಾಲು ಸೇರಿಸಿದ್ದಾಳೆ. ನೀವು ಕಲಿಸಿದ ಚೀಟಿಯಲ್ಲಿ ಆ ಸಾಲು ಇರಲಿಲ್ಲ. "ಕೇಳಿದವರು" ಎಂದು ಬರೆದು ಮುಂದೆ ಜಾಗ ಬಿಟ್ಟಿದ್ದಾಳೆ. ಅಲ್ಲಿ ನನ್ನ ಹೆಸರು ಬರೆಯಲಾ ಎಂದೆ. ಅವಳು ಪೆನ್ನಿಗೆ ಮುಚ್ಚಳ ಹಾಕಿ, "ನೀವು ಕೇಳ್ಲಿಲ್ವಲ್ಲ ಅಕ್ಕ" ಎಂದಳು.

ಆ ಜಾಗ ಖಾಲಿ ಇದೆ. ಹಾಗೇ ಕಳಿಸುತ್ತಿದ್ದೇನೆ.

ಧನ್ಯಾ